ಕಸದ ಗಾಡಿ ಒಕ್ಕೂಟಕ್ಕೆ, ಖರ್ಚು ಯಾರಿಗೆ? ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ನಮ್ಮ ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ, ಕಾರ್ಯದರ್ಶಿ. ಪಂಚಾಯಿತಿಗೆ ಐದು ಹಳ್ಳಿ ಸೇರುತ್ತವೆ. ಸುಮಾರು 1,200 ಮನೆ, 80 ಅಂಗಡಿ-ಹೋಟೆಲು ಇವೆ. ಸ್ವಚ್ಛ ಸಂಕೀರ್ಣದ (ಕಸ ವಿಂಗಡಿಸುವ ಘಟಕದ) ಶೆಡ್ ಕಟ್ಟಿ ಎರಡು ವರ್ಷವಾದರೂ ಬೀಗ ತೆಗೆದಿಲ್ಲ, ಗಾಡಿ ಕಚೇರಿ ಮುಂದೆ ನಿಂತೇ ಇದೆ. ಈಗ ಒಕ್ಕೂಟವೇ ನಡೆಸಲಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡು ಪುಟದ ಒಪ್ಪಂದ ಕೊಟ್ಟು, ಇದೇ ವಾರ ಸಹಿ ಹಾಕಿ ಎನ್ನುತ್ತಿದ್ದಾರೆ. ಮನೆಗೆ ತಿಂಗಳಿಗೆ 30 ರೂಪಾಯಿ ವಸೂಲಿ ಮಾಡಿ ಅದರಲ್ಲೇ ಸಂಬಳ ತೆಗೆದುಕೊಳ್ಳಿ ಎಂಬುದು ಅದರ ಸಾರ. ಸಹಿ ಹಾಕಬಹುದೇ? ಜನ ದುಡ್ಡು ಕೊಡುತ್ತಾರೆಯೇ? ಊರಿನವರನ್ನು ಇದರಲ್ಲಿ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಆ ಎರಡು ಪುಟಕ್ಕೆ ಈ ವಾರ ಸಹಿ ಹಾಕಬೇಡಿ. ಕೆಲಸ ಬೇಡ ಎನ್ನುತ್ತಿಲ್ಲ, ಒಕ್ಕೂಟ ಅದನ್ನು ವಹಿಸಿಕೊಳ್ಳಬೇಕು. ರಾಜ್ಯದ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ಅನೇಕ ಕಡೆ ಸ್ವಚ್ಛವಾಹಿನಿ (ಕಸದ ಗಾಡಿ) ಓಡಿಸುತ್ತಿರುವವರು, ಕಸ ವಿಂಗಡಿಸುತ್ತಿರುವವರು ಸ್ವಸಹಾಯ ಸಂಘಗಳ ಹೆಂಗಸರೇ. ಆದರೆ ನಿಮಗೆ ಕೊಟ್ಟಿರುವ ಕಾಗದ ಪಂಚಾಯಿತಿಯ ನಷ್ಟವನ್ನು ಒಕ್ಕೂಟದ ಹೆಗಲಿಗೆ ದಾಟಿಸುವಂಥದ್ದು. ಊರಿನ ನೈರ್ಮಲ್ಯ ಪಂಚಾಯಿತಿಯ ಕಾನೂನುಬದ್ಧ ಕರ್ತವ್ಯ. ಅದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಬಹುದು, ಹೊಣೆಯನ್ನು ಮಾತ್ರ ಬರೆದುಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ.

ಮೊದಲು ಲೆಕ್ಕ ಹಾಕೋಣ, ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ. 1,200 ಮನೆಗೆ ದಿನಬಿಟ್ಟು ದಿನ ಗಾಡಿ ಹೋಗಬೇಕಾದರೆ ಚಾಲಕಿ ಒಬ್ಬರು, ಗಾಡಿಯ ಜೊತೆ ಇಬ್ಬರು, ಶೆಡ್‌ನಲ್ಲಿ ವಿಂಗಡಣೆಗೆ ಇಬ್ಬರು, ಹೀಗೆ ಐದು ಜನ ಬೇಕು. ತಲಾ 12,000 ರೂಪಾಯಿಯಂತೆ 60,000. ಈ 12,000 ಕೇವಲ ಲೆಕ್ಕಕ್ಕೆ ಹಿಡಿದ ಅಂಕಿ. ಚಾಲ್ತಿಯಲ್ಲಿರುವ ಕನಿಷ್ಠ ವೇತನದ ಅಧಿಸೂಚನೆ ನೋಡಿ ಸರಿಪಡಿಸಿಕೊಳ್ಳಿ, ಮೊತ್ತ ಏರಬಹುದು. ದಿನಕ್ಕೆ 2 ಲೀಟರ್ ಡೀಸೆಲ್‌ನಂತೆ 26 ದಿನಕ್ಕೆ ಸುಮಾರು 4,700. ಟೈರು, ಬ್ರೇಕು, ಸರ್ವೀಸಿಗೆ ತಿಂಗಳಿಗೆ 3,000 ತೆಗೆದಿಡಿ. ಗಾಡಿಯ ವಿಮೆ, ಎಫ್‌ಸಿ (ಓಡಿಸಲು ಯೋಗ್ಯವೆಂಬ ಅರ್ಹತಾ ಪತ್ರ) ಸೇರಿ ತಿಂಗಳ ಪಾಲು 2,000. ಕೈಗವಸು, ಮಾಸ್ಕು, ಸೋಪು, ಚೀಲಕ್ಕೆ 1,500. ಕರೆಂಟು, ರಸೀದಿ ಪುಸ್ತಕ, ಫೋನಿಗೆ 1,000. ಒಟ್ಟು 72,200.

ಇನ್ನು ಆದಾಯ. 1,200 ಮನೆಯೂ ತಪ್ಪದೆ 30 ಕೊಟ್ಟರೆ 36,000. ಅಂದರೆ ಒಂದು ಮನೆಯೂ ಬಾಕಿ ಉಳಿಯದಿದ್ದರೂ ಐದು ಜನರ ಸಂಬಳವೇ ಹೊರಡುವುದಿಲ್ಲ. ಮೊದಲ ವರ್ಷ ನೂರಕ್ಕೆ ಅರವತ್ತು ಮನೆ ಕೊಟ್ಟರೆ 21,600. ಅಂಗಡಿ-ಹೋಟೆಲಿಗೆ ಸರಾಸರಿ 150ರಂತೆ, ನೂರಕ್ಕೆ ಎಂಬತ್ತು ವಸೂಲಾದರೆ 9,600. ಒಣಕಸದ ಮಾರಾಟ: ಮನೆಗೆ ದಿನಕ್ಕೆ 100 ಗ್ರಾಂ ಎಂದರೂ ತಿಂಗಳಿಗೆ 3,600 ಕೆಜಿ, ಅದರಲ್ಲಿ ಗುಜರಿಯವರು ಕಾಸು ಕೊಟ್ಟು ಒಯ್ಯುವುದು ಅರ್ಧಕ್ಕಿಂತ ಕಡಿಮೆ. 10,000 ರೂಪಾಯಿ ಎಂದು ಹಿಡಿಯಿರಿ. ಎಲ್ಲ ಸೇರಿ 41,200. ಕೊರತೆ ತಿಂಗಳಿಗೆ 31,000, ವರ್ಷಕ್ಕೆ 3 ಲಕ್ಷ 72 ಸಾವಿರ. ಈ ಮೊತ್ತವನ್ನು ಯಾರು, ಯಾವ ಅನುದಾನದಿಂದ, ಯಾವ ತಾರೀಖಿನೊಳಗೆ ಕೊಡುತ್ತಾರೆ ಎಂದು ಬರೆಯದ ಒಪ್ಪಂದ ಮೂರು-ನಾಲ್ಕು ತಿಂಗಳಲ್ಲಿ ನಿಲ್ಲುತ್ತದೆ. ನಿಂತ ಮೇಲೆ “ಹೆಂಗಸರಿಗೆ ಕೊಟ್ಟೆವು, ಅವರಿಂದ ಆಗಲಿಲ್ಲ” ಎಂಬ ಮಾತು ಊರಿನಲ್ಲಿ ಉಳಿಯುತ್ತದೆ.

ನಿಮ್ಮ ಅಂಕಿಗಳು ಬೇರೆ ಇರಬಹುದು. ಆದ್ದರಿಂದ ಯಾವುದೇ ಸಹಿಗೂ ಮುಂಚೆ ಒಂದು ವಾರ ಎರಡು ಬೀದಿಗಳಲ್ಲಿ, 50 ಮನೆಯ ಕಸವನ್ನು ತೂಕ ಮಾಡಿ. ತೂಗುತಕ್ಕಡಿ ಒಂದು, ಚೀಲ ನಾಲ್ಕು ಸಾಕು: ಹಸಿ, ಒಣ, ಸ್ಯಾನಿಟರಿ ಪ್ಯಾಡು-ಡೈಪರು, ಮತ್ತೆ ಬಲ್ಬು, ಬ್ಯಾಟರಿ, ಹಳೆ ಔಷಧಿಯಂಥ ಅಪಾಯದ ಕಸ. ಸಂತೆ ದಿನವೂ ಆ ವಾರದಲ್ಲಿ ಬರುವಂತೆ ನೋಡಿಕೊಳ್ಳಿ. ಪಂಚಾಯಿತಿ ಸಭೆಯಲ್ಲಿ ಈ ಒಂದು ಹಾಳೆ ಮುಂದಿಟ್ಟರೆ ವಾದ ಅರ್ಧ ಮುಗಿಯುತ್ತದೆ, ಯಾಕೆಂದರೆ ಎದುರಿಗೆ ಕೂತವರ ಬಳಿ ಯಾವ ಅಂಕಿಯೂ ಇರುವುದಿಲ್ಲ.

ಕೊರತೆ ತುಂಬುವ ಹಣ ಎಲ್ಲಿದೆ? ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಎರಡನೇ ಹಂತದ ಹಣ ಕಟ್ಟಡ-ಸಲಕರಣೆಗೆ ಒಮ್ಮೆ ಸಿಗುವಂಥದ್ದು. ಘನತ್ಯಾಜ್ಯಕ್ಕೆ 5,000 ಜನಸಂಖ್ಯೆವರೆಗಿನ ಹಳ್ಳಿಗೆ ತಲಾ 60 ರೂಪಾಯಿ, ಅದಕ್ಕೂ ದೊಡ್ಡ ಹಳ್ಳಿಗೆ ತಲಾ 45. ಇದರಲ್ಲಿ ಶೇ 70 ಮಿಷನ್ನಿನದು, ಶೇ 30 ಪಂಚಾಯಿತಿ ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ತನಗೆ ಬರುವ ಅನುದಾನದಿಂದ ಹಾಕಬೇಕು. 2,000 ಜನರ ಹಳ್ಳಿಗೆ 1,20,000 ಎಂದಾದರೆ 84,000 ಮಿಷನ್ನಿನಿಂದ, 36,000 ಪಂಚಾಯಿತಿಯಿಂದ. ನಿಮ್ಮ ಶೆಡ್ಡು ಬಹುಶಃ ಇಂಥ ಹಣ ಕೂಡಿಸಿ ಎದ್ದದ್ದು. ಆದರೆ ತಿಂಗಳ ಡೀಸೆಲಿಗೆ, ಗೌರವಧನಕ್ಕೆ ಇದು ಆಧಾರವಾಗದು.

ನಿತ್ಯದ ಖರ್ಚಿಗೆ ನೋಡಬೇಕಾದದ್ದು ಹಣಕಾಸು ಆಯೋಗದ ನಿರ್ಬಂಧಿತ (ಗೊತ್ತುಪಡಿಸಿದ ಕೆಲಸಕ್ಕಷ್ಟೇ ಬಳಸಬೇಕಾದ) ಅನುದಾನ ಮತ್ತು ಪಂಚಾಯಿತಿಯ ಸ್ವಂತ ತೆರಿಗೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ, 2021-22ರಿಂದ 2025-26ರವರೆಗೆ, ಅನುದಾನದ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರಿಗೆ. ಉಳಿದ ಶೇ 40 ಅನಿರ್ಬಂಧಿತ, ಆದರೆ ಅದನ್ನು ಸಂಬಳ-ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. 2026-27ರಿಂದ 16ನೇ ಆಯೋಗದ ಅವಧಿ, ಷರತ್ತುಗಳು ಬೇರೆ. ಆ ವರ್ಷದ ಮಾರ್ಗಸೂಚಿಯ ಪ್ರತಿಯನ್ನು ಪಿಡಿಒ ಅವರಿಂದ ಕೇಳಿ ಪಡೆದು, ನೈರ್ಮಲ್ಯದ ನಿರ್ವಹಣಾ ವೆಚ್ಚ ಯಾವ ತಲೆಬರಹದಡಿ ಬರುತ್ತದೆ ಎಂದು ಗುರುತು ಹಾಕಿಸಿಕೊಳ್ಳಿ. ಇಲ್ಲೊಂದು ಸೂಕ್ಷ್ಮವಿದೆ. ಒಪ್ಪಂದದಲ್ಲಿ “ಸಂಬಳ” ಎಂದು ಬರೆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಏಳುವ ಸಾಧ್ಯತೆ ಹೆಚ್ಚು. ಒಕ್ಕೂಟಕ್ಕೆ ಕೊಡುವುದು ಸೇವೆಯ ಶುಲ್ಕ, ಅದನ್ನು ಕೆಲಸಗಾರರಿಗೆ ಹಂಚುವುದು ಒಕ್ಕೂಟದ ಕೆಲಸ ಎಂದು ಬರೆಸಿ. ವಾಸ್ತವವೂ ಅದೇ.

ಹಣ ಇದ್ದರೂ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ (ವರ್ಷದ ಕೆಲಸ-ಖರ್ಚಿನ ಪಟ್ಟಿಯಲ್ಲಿ) ಕೆಲಸದ ಹೆಸರಿಲ್ಲದಿದ್ದರೆ ಬಿಲ್ ಆಗುವುದಿಲ್ಲ. ಇದನ್ನು ಒಕ್ಕೂಟಗಳು ತಡವಾಗಿ ತಿಳಿದುಕೊಳ್ಳುತ್ತವೆ. ಪಂಚಾಯಿತಿಯ ವಾರ್ಷಿಕ ಯೋಜನೆಯ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ವಾರ್ಡ್ ಸಭೆ, ಗ್ರಾಮಸಭೆ ದಾಟಿ ಬಂದ ಯೋಜನೆ ಇ-ಗ್ರಾಮಸ್ವರಾಜ್ ತಂತ್ರಾಂಶಕ್ಕೆ ಏರುತ್ತದೆ. ಹಣಕಾಸು ಆಯೋಗದ ದುಡ್ಡಿನ ಪಾವತಿ ಆ ಯೋಜನೆಯ ಎದುರಿಗೇ ಆಗಬೇಕು. ನಿಮ್ಮ 3 ಲಕ್ಷ 72 ಸಾವಿರ ಅದರಲ್ಲಿ ಒಂದು ಸಾಲಾಗಿ ಇರದಿದ್ದರೆ, ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿದ್ದರೂ “ಮುಂದಿನ ವರ್ಷ ನೋಡೋಣ” ಎನ್ನುವುದು ಬಿಟ್ಟು ಅವರಿಗೆ ದಾರಿ ಇರುವುದಿಲ್ಲ. ಈ ವರ್ಷದ ಯೋಜನೆ ಈಗಾಗಲೇ ಏರಿದ್ದರೆ ಪರಿಷ್ಕರಣೆಗೆ ಕೇಳಿ, ಅದಾಗುವವರೆಗೆ ಸ್ವಂತ ನಿಧಿಯಿಂದ ಕೊಡುವ ನಿರ್ಣಯ ಮಾಡಿಸಿ.

ಈಗ ಜನರ ವಿಷಯ. ನಿಮ್ಮ ಪಂಚಾಯಿತಿ ತಪ್ಪಿದ್ದು ಇಲ್ಲೇ ಎಂದು ಕಾಣುತ್ತದೆ. ಶೆಡ್ಡು ಕಟ್ಟಿ, ಗಾಡಿ ತಂದು, ಕೊನೆಗೆ ಜನರನ್ನು ಕೇಳಲು ಹೊರಟಿದ್ದಾರೆ. ಶುಲ್ಕ ವಿಧಿಸುವ ಅಧಿಕಾರ ಪಂಚಾಯಿತಿಯದು, ಒಕ್ಕೂಟ ವಸೂಲಿ ಮಾಡುವ ಕೈ ಅಷ್ಟೇ. ಹಾಗಾಗಿ 30 ರೂಪಾಯಿ ಎಂಬುದು ಮೊದಲು ವಾರ್ಡ್ ಸಭೆಗಳಲ್ಲಿ ಚರ್ಚೆಯಾಗಿ, ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆದು, ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಠರಾವಾಗಿ, ಘನತ್ಯಾಜ್ಯದ ಉಪವಿಧಿಯಲ್ಲಿ (ಪಂಚಾಯಿತಿ ಮಾಡಿಕೊಳ್ಳುವ ಸ್ಥಳೀಯ ನಿಯಮದಲ್ಲಿ) ಸೇರಬೇಕು. ಉಪವಿಧಿಯ ಮಾದರಿ ಇಲಾಖೆಯಲ್ಲಿ ಸಿದ್ಧವಿದೆ, ಹೊಸದಾಗಿ ಬರೆಯಬೇಕಿಲ್ಲ. ಠರಾವಿಲ್ಲದೆ ಮನೆಮನೆಗೆ ಹೋದರೆ ಮೊದಲ ಬಾಗಿಲಲ್ಲೇ “ನೀವ್ಯಾರು ಕೇಳೋಕೆ?” ಎನ್ನುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ.

ವಾರ್ಡ್ ಸಭೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರಾಮಸಭೆಯಲ್ಲಿ ಮನೆ, ಸೈಟು, ಪಿಂಚಣಿಯ ಗದ್ದಲದ ನಡುವೆ ಕಸಕ್ಕೆ ಐದು ನಿಮಿಷ ಸಿಕ್ಕರೆ ಹೆಚ್ಚು. ವಾರ್ಡಿನಲ್ಲಾದರೆ ನಲವತ್ತು-ಐವತ್ತು ಜನ ಕೂತು ಗಾಡಿ ಎಷ್ಟು ಗಂಟೆಗೆ ಬರಬೇಕು, ಒಳಗೇರಿಗೆ ಗಾಡಿ ಹೋಗದಿದ್ದರೆ ತಳ್ಳುಗಾಡಿ ಎಲ್ಲಿ ನಿಲ್ಲಬೇಕು, ಕೂಲಿಗೆ ಬೆಳಿಗ್ಗೆ ಏಳಕ್ಕೇ ಹೊರಡುವ ಮನೆಯವರು ಕಸ ಎಲ್ಲಿ ಇಡಬೇಕು ಎಂದು ಮಾತಾಡಬಹುದು. ಸೇವೆ ಬದುಕುವುದು ಈ ಮೂರು ಪ್ರಶ್ನೆಗಳ ಉತ್ತರದ ಮೇಲೆ. ಕೃಷಿಕೂಲಿ ಮನೆಗಳಿರುವ ಕೇರಿಗೆ ಹತ್ತು ಗಂಟೆಗೆ ಗಾಡಿ ಹೋದರೆ ಅಲ್ಲಿ ಬೀಗವೇ ಕಾಣುತ್ತದೆ. ಆಮೇಲೆ “ಆ ಕೇರಿಯವರು ಕಸ ಕೊಡುವುದಿಲ್ಲ” ಎಂದು ದಾಖಲೆಯಾಗುತ್ತದೆ.

ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ, ಅದರ ಒಟ್ಟು ಸದಸ್ಯರ (ಎಂದರೆ ಮತದಾರರ) ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಹಾಜರಾದವರಲ್ಲಿ ಶೇ 30 ಹೆಂಗಸರಿರಬೇಕು. ನಿಮ್ಮ ಒಕ್ಕೂಟದ ಸಂಘಗಳಿಂದ ತಲಾ ಮೂರು ಜನ ಬಂದರೂ ಈ ಎರಡೂ ತುಂಬುತ್ತವೆ. ಮುಂದಿನ ಸಭೆ ದೂರವಿದ್ದರೆ ಶೇ 10 ಸದಸ್ಯರು ವಿಷಯಪಟ್ಟಿ ಸಮೇತ ಬರೆದುಕೊಟ್ಟು ವಿಶೇಷ ಸಭೆ ಕೇಳಲು ಅವಕಾಶವಿದೆ. ನಿಮ್ಮಲ್ಲಿ 3,700 ಮತದಾರರಿದ್ದರೆ 370 ಸಹಿ ಬೇಕು. ಬೇರೆ ಯಾವ ಸಂಘಕ್ಕೂ ಇದು ಸುಲಭವಲ್ಲ, ಒಕ್ಕೂಟಕ್ಕೆ ಒಂದು ವಾರದ ಕೆಲಸ. ಮಹಿಳಾ ಗ್ರಾಮಸಭೆಯಲ್ಲಿ ಮೊದಲೇ ವಿಷಯ ಮಂಡಿಸಿ ಬಂದರೆ ಇನ್ನೂ ಗಟ್ಟಿ.

ಸಭೆಯ ದಿನ ಒಂದೇ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಬಾಗಿಲಲ್ಲೇ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ನಡಾವಳಿಯನ್ನು ಆಮೇಲೆ ಕಚೇರಿಯಲ್ಲಿ ಬರೆಯುವ ರೂಢಿ ಬಹಳ ಕಡೆ ಇದೆ. ಹಾಜರಾತಿ ಸಹಿ ಬೇರೆ, ನಿರ್ಣಯದ ಕೆಳಗಿನ ಸಹಿ ಬೇರೆ. ಕಸದ ವಿಷಯದ ನಿರ್ಣಯವನ್ನು ಅಲ್ಲೇ ಬರೆಸಿ, ಮೈಕಿನಲ್ಲಿ ಓದಿಸಿ, ಅದರ ಕೆಳಗೆ ಸಹಿ ಆಗಲಿ. ನಿರ್ಣಯದಲ್ಲಿ ಶುಲ್ಕದ ಮೊತ್ತ, ಯಾರಿಗೆ ವಿನಾಯಿತಿ, ಗಾಡಿ ಬರುವ ದಿನ-ಹೊತ್ತು, ಶುರುವಾಗುವ ತಾರೀಖು, ಕೊರತೆಯನ್ನು ಪಂಚಾಯಿತಿ ಭರಿಸುತ್ತದೆ ಎಂಬ ವಾಕ್ಯ ಇರಲೇಬೇಕು. ಪುಟದ ಫೋಟೊ ತೆಗೆದು ಇಟ್ಟುಕೊಳ್ಳಿ.

ಜನ ಕೊಡುತ್ತಾರೆಯೇ ಎಂದರೆ, ಗಾಡಿ ಬಂದರೆ ಕೊಡುತ್ತಾರೆ. ಮೊದಲ ಎರಡು ತಿಂಗಳು ಹೇಳಿದ ದಿನ, ಹೇಳಿದ ಹೊತ್ತಿಗೆ ತಪ್ಪದೆ ಬಂದ ಗಾಡಿಗೆ ಕೊಡದವರು ಕಡಿಮೆ. ನಡುವೆ ಹತ್ತು ದಿನ ಗಾಡಿ ನಿಂತರೆ ಆ ತಿಂಗಳ ದುಡ್ಡು ಹೋಯಿತೆಂದೇ ತಿಳಿಯಿರಿ. ಅದಕ್ಕೇ ಮೊದಲ ಎರಡು ತಿಂಗಳ ಪೂರ್ತಿ ಖರ್ಚನ್ನು ಪಂಚಾಯಿತಿ ಮುಂಗಡವಾಗಿ ಒಕ್ಕೂಟದ ಖಾತೆಗೆ ಹಾಕಬೇಕು, ನಿಮ್ಮ ಲೆಕ್ಕದಲ್ಲಿ 1,44,400. ಎಲ್ಲ ಮನೆಗಳಿಂದ ತಿಂಗಳು ತಿಂಗಳು 30 ಕೇಳುವುದಕ್ಕಿಂತ, ಬೇಸಾಯದ ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ವರ್ಷದ್ದು ಒಟ್ಟಿಗೆ 330 ಕಟ್ಟಿದರೆ ಒಂದು ತಿಂಗಳು ಉಚಿತ ಎಂಬ ಏರ್ಪಾಡು ಚೆನ್ನಾಗಿ ಹಿಡಿಯುತ್ತದೆ. ಅಂಗಡಿಗಳದ್ದು ಬೇರೆ ಕಥೆ. ಹೆಚ್ಚು ಕಸ ಅವರದ್ದು, ಹೆಚ್ಚು ತಕರಾರೂ ಅವರದ್ದೇ. ಕೆಲವರು ಪಂಚಾಯಿತಿ ಸದಸ್ಯರ ನೆಂಟರಾಗಿರುತ್ತಾರೆ. ಅಲ್ಲಿ ವಸೂಲಿಗೆ ಒಕ್ಕೂಟದ ಹೆಂಗಸರನ್ನು ಕಳಿಸಬೇಡಿ. ಬಿಲ್ ಕಲೆಕ್ಟರ್ ಹೋಗಲಿ, ವ್ಯಾಪಾರ ಪರವಾನಗಿ ನವೀಕರಣದ ಜೊತೆಗೇ ಕಸದ ಶುಲ್ಕದ ಬಾಕಿ ನೋಡಲಿ. ಕಲ್ಯಾಣ ಮಂಟಪಕ್ಕೆ, ಜಾತ್ರೆಗೆ, ಕೋಳಿ ಅಂಗಡಿಗೆ ತಿಂಗಳ ಶುಲ್ಕ ಸಾಲದು, ಪ್ರತಿ ಸಲದ ದರ ನಿಗದಿ ಮಾಡಿ.

ರಸೀದಿ ಪಂಚಾಯಿತಿ ಹೆಸರಿನಲ್ಲಿರಲಿ, ಕ್ರಮಸಂಖ್ಯೆ ಮುದ್ರಿತವಾಗಿರಲಿ. ಕಸದ ಲೆಕ್ಕಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಉಳಿತಾಯ-ಸಾಲದ ಖಾತೆಯೊಂದಿಗೆ ಎಂದೂ ಬೆರೆಸಬೇಡಿ. ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ಮೇಲೆಯೇ ಇದನ್ನೂ ಹೊರಿಸಿದರೆ ಎರಡೂ ಕೆಡುತ್ತವೆ. ಪ್ರತಿ ತಿಂಗಳ 5ರೊಳಗೆ ರಸೀದಿ ಪುಸ್ತಕ, ಬ್ಯಾಂಕ್ ಪುಸ್ತಕ, ಮಾರಾಟದ ಚೀಟಿ ತಾಳೆ ನೋಡಿ, ಒಂದು ಪುಟದ ಲೆಕ್ಕವನ್ನು ಪಂಚಾಯಿತಿ ಸೂಚನಾ ಫಲಕಕ್ಕೂ ವಾರ್ಡ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹಾಕಿ. ದುಡ್ಡಿನ ಬಗ್ಗೆ ಗುಸುಗುಸು ಹುಟ್ಟುವುದು ಲೆಕ್ಕ ತಪ್ಪಿದಾಗಲ್ಲ, ಲೆಕ್ಕ ಕಾಣದಿದ್ದಾಗ.

ಒಪ್ಪಂದದಲ್ಲಿ ಏನಿರಬೇಕು? ಒಕ್ಕೂಟ ಏನೇನು ಮಾಡಬೇಕು ಎಂಬುದು ಪಿಡಿಒ ಕೊಟ್ಟ ಕರಡಿನಲ್ಲಿ ಬೇಕಾದಷ್ಟಿದೆ ಎಂದುಕೊಳ್ಳುತ್ತೇವೆ. ಪಂಚಾಯಿತಿ ಏನು ಮಾಡಬೇಕು, ಮಾಡದಿದ್ದರೆ ಏನು ಎಂಬ ಭಾಗವನ್ನು ಸೇರಿಸಿ. ಸಾಮಾನ್ಯ ಸಭೆಯ ನಿರ್ಣಯದ ಸಂಖ್ಯೆ, ದಿನಾಂಕ ಮೊದಲ ಸಾಲಿನಲ್ಲೇ ಬರಲಿ. ಗಾಡಿ ಪಂಚಾಯಿತಿ ಹೆಸರಿನಲ್ಲಿ ಇರುವುದರಿಂದ ವಿಮೆ, ಎಫ್‌ಸಿ, ಹೊಗೆ ತಪಾಸಣೆ, 5,000 ರೂಪಾಯಿ ಮೀರಿದ ರಿಪೇರಿ ಪಂಚಾಯಿತಿಯದು, ಅದಕ್ಕಿಂತ ಕೆಳಗಿನದು ಒಕ್ಕೂಟದ್ದು. ವಿಮೆ ಮುಗಿದ ಗಾಡಿಯನ್ನು ಓಡಿಸುವುದಿಲ್ಲ ಎಂದು ಬರೆಯಿರಿ. ಅಪಘಾತವಾದರೆ ಮೊದಲು ಸಿಕ್ಕಿಬೀಳುವುದು ಚಾಲಕಿ. ಚಾಲಕಿಗೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು. 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನು ಅದರಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಶೆಡ್‌ಗೆ ಕರೆಂಟು, ನೀರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಪಂಚಾಯಿತಿ ಒದಗಿಸಬೇಕು. ಬೀಗ ಬಿದ್ದ ಶೆಡ್‌ಗಳಲ್ಲಿ ಹಲವು ಕರೆಂಟು ಸಂಪರ್ಕವಿಲ್ಲದೆಯೋ ಜಾಗದ ತಕರಾರಿನಿಂದಲೋ ಬಿದ್ದಿರುತ್ತವೆ. ನಿಮ್ಮದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಒಣಕಸವನ್ನು ಒತ್ತಿ ಕಟ್ಟು ಮಾಡುವ ಬೇಲಿಂಗ್ ಯಂತ್ರ ಬಂದರೆ ತ್ರೀಫೇಸ್ ಬೇಕಾಗುತ್ತದೆ, ಸಿಂಗಲ್ ಫೇಸ್ ಹಾಕಿಸಿ ಮುಗಿಸಬಾರದು.

ಪಾವತಿಯ ಕಲಮು ಹೀಗಿರಲಿ: ಪ್ರತಿ ತಿಂಗಳು 5ಕ್ಕೆ ಒಕ್ಕೂಟ ಬಿಲ್ ಕೊಡುತ್ತದೆ, 15ರೊಳಗೆ ಹಣ ಬರಬೇಕು. ಒಂದು ತಿಂಗಳು ತಡವಾದರೆ ಉಸ್ತುವಾರಿಯ ಉಪಸಮಿತಿ (ಅದರ ವಿವರ ಮುಂದಿದೆ) ಮೂರು ದಿನದಲ್ಲಿ ಸೇರಬೇಕು. ಎರಡು ತಿಂಗಳು ಬಾಕಿಯಾದರೆ ಏಳು ದಿನದ ಲಿಖಿತ ಸೂಚನೆ ಕೊಟ್ಟು ಒಕ್ಕೂಟ ಸೇವೆ ನಿಲ್ಲಿಸಬಹುದು, ನಿಲ್ಲಿಸಿದ್ದು ಒಪ್ಪಂದದ ಉಲ್ಲಂಘನೆ ಅಲ್ಲ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಪ್ರತಿ ಹೋಗಲಿ. ಒಪ್ಪಂದದ ಸಾಕ್ಷಿಯಾಗಿಯೂ ಅವರ ಸಹಿ ಇರಲಿ. ಇದಕ್ಕೆ ಕಾರಣವಿದೆ. ಅಧ್ಯಕ್ಷ-ಉಪಾಧ್ಯಕ್ಷರ ಅವಧಿ 30 ತಿಂಗಳು, ಪಿಡಿಒ ವರ್ಗಾವಣೆ ಯಾವಾಗ ಬೇಕಾದರೂ. ಹಳೆಯ ಅಧ್ಯಕ್ಷರ ಜೊತೆಗಿನ ಬಾಯಿಮಾತು ಹೊಸಬರನ್ನು ಕಟ್ಟಿಹಾಕುವುದಿಲ್ಲ. ಅವಧಿ ಮೂರು ವರ್ಷ ಎಂದು, ಅಧ್ಯಕ್ಷರು ಬದಲಾದರೂ ಒಪ್ಪಂದ ಮುಂದುವರಿಯುತ್ತದೆಂದು, ಪ್ರತಿ ವರ್ಷ ಏಪ್ರಿಲಿನಲ್ಲಿ ದರ ಪರಿಷ್ಕರಣೆ ಎಂದು ಬರೆಸಿ.

ಕೆಲಸಕ್ಕೆ ಯಾರನ್ನು ಆರಿಸುವುದು ಎಂಬುದರಲ್ಲಿ ಪಂಚಾಯಿತಿ ಸದಸ್ಯರ ಕೈ ಬೇಡ. ಇಲ್ಲೊಂದು ಕಹಿ ಮಾತು ಹೇಳಲೇಬೇಕು. “ಕಸ ಎಂದರೆ ಆ ಕೇರಿಯವರೇ ಮಾಡಲಿ” ಎಂಬ ಧೋರಣೆ ಬಾಯಿ ಬಿಟ್ಟು ಹೇಳದೆಯೂ ಕೆಲಸ ಮಾಡುತ್ತದೆ. ಐದಕ್ಕೆ ಐದೂ ಪರಿಶಿಷ್ಟ ಜಾತಿಯ ಹೆಂಗಸರೇ ಆಗಿ, ಲೆಕ್ಕ-ಮೇಲ್ವಿಚಾರಣೆ ಬೇರೆಯವರ ಕೈಗೆ ಹೋದರೆ ಅದು ಹಳೆಯ ಅನ್ಯಾಯಕ್ಕೆ ಹೊಸ ಸಮವಸ್ತ್ರ. ಎಲ್ಲ ಸಂಘಗಳಿಂದ ಅರ್ಜಿ ಕರೆಯಿರಿ. ಚಾಲನೆ, ವಿಂಗಡಣೆ, ಲೆಕ್ಕ, ಮಾರಾಟ ಈ ನಾಲ್ಕೂ ಕೆಲಸ ಆರು ತಿಂಗಳಿಗೊಮ್ಮೆ ಕೈ ಬದಲಾಗಲಿ. ಗೌರವಧನದಲ್ಲಿ ವ್ಯತ್ಯಾಸ ಬೇಡ, ಇದ್ದರೂ ವಿಂಗಡಣೆಯವರಿಗೆ ಹೆಚ್ಚಿರಲಿ, ಕಡಿಮೆಯಲ್ಲ. ಪಂಚಾಯಿತಿಯಲ್ಲಿ ಈಗಾಗಲೇ ಇರುವ ಸ್ವಚ್ಛತಾಗಾರರಿಗೆ ತಮ್ಮ ಕೆಲಸ ಹೋಗುತ್ತದೆಂಬ ಭಯ ಇರುತ್ತದೆ. ಅವರ ಕೆಲಸ ಚರಂಡಿ-ಬೀದಿ, ನಿಮ್ಮದು ಮನೆಬಾಗಿಲ ಕಸ ಎಂದು ಬರವಣಿಗೆಯಲ್ಲಿ ಗಡಿ ಹಾಕಿ, ಅವರನ್ನೂ ಕೂರಿಸಿಕೊಂಡು ಹೇಳಿ.

ಸುರಕ್ಷತೆಗೆ ಒಪ್ಪಂದದಲ್ಲೇ ಮೊತ್ತವಿರಲಿ: ಟಿಟಿ ಮತ್ತು ಹೆಪಟೈಟಿಸ್-ಬಿ ಲಸಿಕೆ, ಆರು ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ, ದಪ್ಪ ರಬ್ಬರ್ ಕೈಗವಸು, ಬೂಟು. ಪ್ರಧಾನ ಮಂತ್ರಿ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿಗೆ 436. ಐದು ಜನರಿಗೆ ಎರಡೂ ಸೇರಿ 2,280. ಪಂಚಾಯಿತಿಗೆ ಇದು ಲೆಕ್ಕವೇ ಅಲ್ಲ. ಸಮಸ್ಯೆ ಏನೆಂದರೆ ಯಾರೂ ಕೇಳುವುದಿಲ್ಲ.

ಕಸದ ಬಗ್ಗೆಯೇ ಒಂದೆರಡು ಮಾತು. ಹಳ್ಳಿಯ ಹಸಿಕಸವನ್ನು ಗಾಡಿಗೆ ಹಾಕಿಸಬೇಡಿ. ದನ, ಕೋಳಿ, ತಿಪ್ಪೆ ಇರುವ ಮನೆಯಲ್ಲಿ ಹಸಿಕಸ ಕಸವೇ ಅಲ್ಲ. ಅದನ್ನು ಹೊತ್ತು ಶೆಡ್‌ಗೆ ತಂದರೆ ಡೀಸೆಲ್ ದಂಡ, ನೊಣ, ವಾಸನೆ, ಸುತ್ತಲಿನವರ ಜಗಳ, ಕೊನೆಗೆ ಒಣಕಸವೂ ಒದ್ದೆಯಾಗಿ ಬೆಲೆ ಬಿದ್ದುಹೋಗುತ್ತದೆ. ಜಾಗವಿಲ್ಲದ ಮನೆ ಮತ್ತು ಹೋಟೆಲುಗಳ ಹಸಿಕಸ ಮಾತ್ರ ತಂದು ಗೊಬ್ಬರ ಮಾಡಿ. ಹೀಗೆ ಮಾಡಿದರೆ ಗಾಡಿಯ ಓಡಾಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಲೂಬಹುದು, ಮೇಲಿನ ಕೊರತೆಯೂ ಇಳಿಯುತ್ತದೆ. ಆದರೆ ಸ್ಯಾನಿಟರಿ ಕಸಕ್ಕೆ ಬೇರೆ ಡಬ್ಬಿ, ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವ ಕ್ರಮ ಮೊದಲ ದಿನದಿಂದಲೇ ಇರಬೇಕು. ವಿಂಗಡಿಸದ ಕಸವನ್ನು ಒಂದು ವಾರ ತೆಗೆದುಕೊಂಡರೆ ಮುಂದೆ ವಿಂಗಡಿಸಿ ಕೊಡುವವರೇ ಸಿಗುವುದಿಲ್ಲ.

ಒಣಕಸದಲ್ಲಿ ಪೆಟ್ ಬಾಟಲಿ, ರಟ್ಟು, ಕಬ್ಬಿಣ ಮಾರಿ ಹೋಗುತ್ತವೆ. ಉಳಿಯುವುದು ಚಿಪ್ಸು-ಗುಟ್ಕಾ-ಶಾಂಪೂ ಪೊಟ್ಟಣ, ಹರಿದ ಚಪ್ಪಲಿ, ಬಟ್ಟೆ, ಗಾಜು. ಇವು ಆರು ತಿಂಗಳಲ್ಲಿ ಶೆಡ್ಡನ್ನು ತುಂಬುತ್ತವೆ, ಆಮೇಲೆ ಯಾರೋ ಬೆಂಕಿ ಹಚ್ಚುತ್ತಾರೆ. ಇದಕ್ಕೆ ಒಂದೇ ಪಂಚಾಯಿತಿಯಲ್ಲಿ ಉತ್ತರವಿಲ್ಲ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ಘಟಕ ಕಟ್ಟಿ, ಸುತ್ತಲಿನ ಹಲವು ಪಂಚಾಯಿತಿಗಳ ಕಸವನ್ನು ಅಲ್ಲಿಗೆ ಸಾಗಿಸುವ ವ್ಯವಸ್ಥೆ ಮಾಡಿದ್ದು ಈ ಕಾರಣಕ್ಕೇ. ಅದೇ ಜಿಲ್ಲೆಯ ವಂಡ್ಸೆ ಪಂಚಾಯಿತಿ ಅದಕ್ಕೂ ಮೊದಲೇ ತನ್ನ ಘಟಕಕ್ಕೆ ಹೆಸರಾಗಿತ್ತು. ನಿಮ್ಮ ತಾಲ್ಲೂಕಿಗೆ ಅಂಥ ಘಟಕ ಯಾವುದು, ಅಲ್ಲಿಗೆ ಲಾರಿ ಎಷ್ಟು ದಿನಕ್ಕೊಮ್ಮೆ, ಬಾಡಿಗೆ ಯಾರದು ಎಂಬುದನ್ನು ಜಿಲ್ಲಾ ಪಂಚಾಯಿತಿಯ ಸ್ವಚ್ಛ ಭಾರತ್ ವಿಭಾಗದಿಂದ ಬರೆಸಿಕೊಳ್ಳಿ. ಬೆಲೆ ಇಲ್ಲದ ಕಸ ಸಾಗಿಸುವ ಖರ್ಚು ಒಕ್ಕೂಟದ್ದಲ್ಲ ಎಂಬ ಸಾಲೂ ಒಪ್ಪಂದಕ್ಕೆ ಬೇಕು.

ಉಸ್ತುವಾರಿಗೆ ಪಂಚಾಯಿತಿಯ ಉಪಸಮಿತಿಯೊಂದು ತಿಂಗಳಿಗೊಮ್ಮೆ ಸೇರಲಿ: ಅಧ್ಯಕ್ಷರು, ಪಿಡಿಒ, ಒಕ್ಕೂಟದಿಂದ ಇಬ್ಬರು, ಪ್ರತಿ ಹಳ್ಳಿಯಿಂದ ಪಂಚಾಯಿತಿ ಸದಸ್ಯರಲ್ಲದ ಒಬ್ಬರು, ವರ್ತಕರಲ್ಲಿ ಒಬ್ಬರು, ಶಾಲೆಯ ಮುಖ್ಯ ಶಿಕ್ಷಕರು. ಚರ್ಚೆ ನಾಲ್ಕೇ ವಿಷಯಕ್ಕೆ ಸೀಮಿತವಾಗಿರಲಿ: ಗಾಡಿ ಎಷ್ಟು ದಿನ ತಪ್ಪಿತು, ದುಡ್ಡು ಎಷ್ಟು ಬಂತು, ಪಂಚಾಯಿತಿ ಎಷ್ಟು ಬಾಕಿ, ಯಾವ ದೂರು ಬಗೆಹರಿಯಲಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನು ಈ ಸಮಿತಿಗೆ ಎಳೆಯಬೇಡಿ, ಅವರಿಗೆ ಇರುವ ಸಮಿತಿಗಳೇ ಸಾಕಾಗಿವೆ. ವರ್ಷಕ್ಕೊಮ್ಮೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕ-ಕಡತಗಳ ಬಹಿರಂಗ ಪರಿಶೀಲನೆ, ನಡೆಯುತ್ತದೆ. ಅಲ್ಲಿ ಕಸದ ಖಾತೆಯ ವಹಿ, ಗಾಡಿಯ ಲಾಗ್ ಪುಸ್ತಕ, ಶೆಡ್ಡಿನ ಕಾಮಗಾರಿ ಕಡತ ಮುಂದಿಡಿಸಿ ಎಲ್ಲರೆದುರು ಓದಿಸಿ. ಅದಕ್ಕೂ ಮೊದಲೇ ಕಡತ ನೋಡಬೇಕಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ, 30 ದಿನದಲ್ಲಿ ಉತ್ತರ. ಆದರೆ ಜೊತೆಗೆ ಕೆಲಸ ಮಾಡಬೇಕಾದವರ ಮೇಲೆ ಅದನ್ನು ಮೊದಲ ಅಸ್ತ್ರವಾಗಿ ಬಳಸುವುದು ಜಾಣತನವಲ್ಲ. ಒಂದು ಪತ್ರ ಬರೆದು, ಸ್ವೀಕೃತಿ ಪಡೆದು, ಹದಿನೈದು ದಿನ ಕಾಯಿರಿ.

ಪಿಡಿಒ ಅವರಿಗೆ ಈ ವಾರ ಏನು ಹೇಳುವುದು? ಅವರಿಗೂ ಮೇಲಿನಿಂದ ಒತ್ತಡವಿರುತ್ತದೆ, ಘಟಕ ಶುರುವಾಗಿದೆ ಎಂದು ವರದಿ ಕೊಡಬೇಕಾಗಿರುತ್ತದೆ. ಒಲ್ಲೆ ಎಂದರೆ ಹೊರಗಿನ ಗುತ್ತಿಗೆದಾರರಿಗೆ ಹೋಗಬಹುದು. ಹಾಗಾಗಿ ಪೂರ್ತಿ ಒಪ್ಪಂದದ ಬದಲು ಮೂರು ತಿಂಗಳ ಪ್ರಾಯೋಗಿಕ ಪತ್ರಕ್ಕೆ ಒಪ್ಪಿ: ದೊಡ್ಡ ಹಳ್ಳಿಯ ಎರಡು ವಾರ್ಡು, ಸುಮಾರು 300 ಮನೆ, ಒಣಕಸ ಮಾತ್ರ, ವಾರಕ್ಕೆ ಎರಡು ದಿನ, ಮನೆಗಳಿಂದ ಶುಲ್ಕವಿಲ್ಲ, ಪೂರ್ತಿ ಖರ್ಚು ಪಂಚಾಯಿತಿಯ ಸ್ವಂತ ನಿಧಿಯಿಂದ. ಪತ್ರದ ಜೊತೆ ಮೂರು ದಾಖಲೆ ಕೇಳಿ: ಗಾಡಿಯ ಚಾಲ್ತಿ ವಿಮೆಯ ಪ್ರತಿ, ಶೆಡ್ ಇರುವ ಜಾಗ ಪಂಚಾಯಿತಿಯದೆಂಬ ಪಹಣಿ ಅಥವಾ ಮಂಜೂರಾತಿ, ಈ ವರ್ಷದ ಕ್ರಿಯಾ ಯೋಜನೆಯ ನೈರ್ಮಲ್ಯದ ಪುಟ. ವಿಮೆಯ ಪ್ರತಿ ಕೈಗೆ ಬರುವವರೆಗೆ ಗಾಡಿಯ ಕೀಲಿ ತೆಗೆದುಕೊಳ್ಳಬೇಡಿ. ಆ ಮೂರು ತಿಂಗಳಲ್ಲಿ ತೂಕದ ಲೆಕ್ಕವೂ ಸಿಗುತ್ತದೆ, ವಾರ್ಡ್ ಸಭೆಗಳೂ ಮುಗಿಯುತ್ತವೆ, ಶುಲ್ಕ ಕೇಳುವ ಹೊತ್ತಿಗೆ 300 ಮನೆಯವರು ಗಾಡಿ ಬಂದದ್ದನ್ನು ನೋಡಿರುತ್ತಾರೆ.